ಮೆಟ್ರೊ ಕಾಣುವ ಮನೆ, ಮೆಟ್ರೊಗೆ ನಡೆಯುವ ಮನೆ

ಬೆಂಗಳೂರಿನ ಹಸಿರು ಮಾರ್ಗದ ಪಕ್ಕದಲ್ಲೇ ಎರಡು ಬಾಡಿಗೆ ಮನೆ ಮಾಡಿ ನೋಡಿದ್ದೇನೆ. ಮೊದಲು ಜಯನಗರ 3ನೇ ಬ್ಲಾಕಿನಲ್ಲಿ ಹಳೇ ಮಹಡಿ ಮನೆ. ಆಮೇಲೆ ಕನಕಪುರ ರಸ್ತೆಯಲ್ಲಿ, ವಾಜರಹಳ್ಳಿ ನಿಲ್ದಾಣದ ಹತ್ತಿರ 7ನೇ ಮಹಡಿಯ ಫ್ಲಾಟು. ಆಫೀಸು ಯಶವಂತಪುರದಲ್ಲಿ. ಎರಡೂ ಕಡೆಯಿಂದ ಒಂದೇ ರೈಲು, ಎಲ್ಲೂ ಇಳಿದು ಹತ್ತಬೇಕಿಲ್ಲ. ವಾಜರಹಳ್ಳಿಯಿಂದ ಹೊರಟರೆ ಹದಿನಾರು ಹದಿನೇಳು ನಿಮಿಷ ಜಾಸ್ತಿ ಕೂರಬೇಕು, ಅದು ಊರಿನ ದೂರ, ಮನೆಯ ತಪ್ಪಲ್ಲ, ಬಿಡಿ.

ಬ್ರೋಷರ್ ನಂಬಿದರೆ ಫ್ಲಾಟೇ ಗೆಲ್ಲಬೇಕು. 'ಮೆಟ್ರೊಗೆ 400 ಮೀಟರ್' ಅಂತ ಬರೆದಿತ್ತು. ಸುಳ್ಳೇನಲ್ಲ, ಬಾಲ್ಕನಿಯಲ್ಲಿ ನಿಂತರೆ ರೈಲು ಬಂದು ನಿಲ್ಲುವುದು ಕಾಣುತ್ತಿತ್ತು. ಆದ್ರೆ ಅದು ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದ ದೂರ. ತೆರೆದಿದ್ದದ್ದು ಒಂದೇ ಗೇಟು, ಅದೂ ನಿಲ್ದಾಣಕ್ಕೆ ಬೆನ್ನು ಹಾಕಿ. ಲಿಫ್ಟಿಗೆ ಕಾದು, ಪೋಡಿಯಂ (ಟವರಿನ ಬುಡದ ಪಾರ್ಕಿಂಗ್ ಅಂತಸ್ತು) ದಾಟಿ, ಕಾರು ಇಳಿಯುವ ರ್‍ಯಾಂಪಿನ ಅಂಚಲ್ಲೇ ಜೀವ ಕೈಲಿ ಹಿಡಿದು ನಡೆದು, ಗೇಟಿನಿಂದ ಹೊರಬಿದ್ದು, ಕಾಂಪೌಂಡಿಗೆ ಪೂರ್ತಿ ಪ್ರದಕ್ಷಿಣೆ ಹಾಕಿ ನಿಲ್ದಾಣ ಮುಟ್ಟುವಷ್ಟರಲ್ಲಿ 18 ನಿಮಿಷ. ಹಿಂದುಗಡೆ ಸಣ್ಣ ಕಬ್ಬಿಣದ ಗೇಟಿತ್ತು, ಅದಕ್ಕೆ ಬೀಗ. ತೆಗೆಸಿ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿದೆ. 'ಸೆಕ್ಯುರಿಟಿ' ಅಂದರು, ಮಾತು ಮುಗೀತು. ಮೂರನೇ ತಿಂಗಳಿಗೆ ನಾನೂ ಸ್ಕೂಟರ್ ತೆಗೆದೆ. ಮೊದಲು ನಿಲ್ದಾಣದವರೆಗೆ. ಆಮೇಲೆ ಗಾಡಿ ತೆಗೆದದ್ದು ತೆಗೆದೆ ಅಂತ ಬನಶಂಕರಿವರೆಗೆ. ಒಂದೊಂದು ದಿನ ಸೀದಾ ಆಫೀಸಿಗೇ.

ಜಯನಗರದಲ್ಲಿ ಸೌತ್ ಎಂಡ್ ಸರ್ಕಲ್ ನಿಲ್ದಾಣ 800 ಮೀಟರ್ ಇತ್ತು. ಹತ್ತೇ ನಿಮಿಷ. 1948ರಲ್ಲಿ ಈ ಬಡಾವಣೆ ಶುರುವಾದಾಗ ಮೆಟ್ರೊ ಯಾರ ಕನಸಿನಲ್ಲೂ ಇರಲಿಲ್ಲ, ರೈಲು ಬಂದದ್ದು 2017ರಲ್ಲಿ. ಆದ್ರೆ ಮೇನು, ಕ್ರಾಸು ಅಂತ ಚೌಕ ಚೌಕವಾಗಿ ಹಾಕಿದ್ದಾರಲ್ಲ, ಒಂದು ಕ್ರಾಸು ಅಗೆದಿದ್ದರೆ ಪಕ್ಕದ್ದರಲ್ಲಿ ನುಗ್ಗಬಹುದು. ದಾರಿಯಲ್ಲಿ ಹೊಂಗೆ ಮರ, ಅದರ ಕೆಳಗೆ ಇಸ್ತ್ರಿ ಗಾಡಿ, ಹಳೇ ಮನೆಯ ಕಾರ್ ಶೆಡ್ಡಿನಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡ ಟೈಲರ್ರು. ಬೆಳಿಗ್ಗೆ ಹೋಗ್ತಾ ಬಟ್ಟೆ ಕೊಟ್ಟರೆ ಸಂಜೆ ಬರ್ತಾ ಬಟ್ಟೆ, ಸೊಪ್ಪು, ಹಾಲು ಎಲ್ಲ ಒಂದೇ ಕೈಚೀಲದಲ್ಲಿ. ಕನಕಪುರ ರಸ್ತೆಯಲ್ಲಿ ಇದೆಲ್ಲದಕ್ಕೂ ಆ್ಯಪು. ನಮ್ಮ ಟವರು ಏಳುವಾಗ ಎದುರಿಗೇ ಮೆಟ್ರೊ ಕಂಬ ನಿಂತಾಗಿತ್ತಂತೆ. ಗೊತ್ತಿದ್ದೂ ಆ ಕಡೆಗೆ ಬರೀ ಗೋಡೆ ಕಟ್ಟಿದ್ದಾರೆ!

ಹಾಗಂತ ಫ್ಲಾಟನ್ನು ಸುಮ್ನೆ ಬೈಯಲ್ಲ. ಜಯನಗರದ ಮನೆಯಲ್ಲಿ ಪಕ್ಕದವರು ಗಡಿಗೇ ಗೋಡೆ ಏರಿಸಿ ಹಗಲು ಹೊತ್ತೂ ಲೈಟು ಹಾಕಬೇಕಿತ್ತು, ಅಮ್ಮ ಬಂದರೆ ಆ ಕಡಿದಾದ ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದರು. ಹೆಚ್ಚುಕಡಿಮೆ ಅದೇ ಬಾಡಿಗೆಗೆ ಇಲ್ಲಿ ಒಂದು ರೂಮು ಜಾಸ್ತಿ, ಲಿಫ್ಟು, ಒಳ್ಳೆ ಗಾಳಿ. ಇನ್ನೊಂದು ಮಾತೂ ಒಪ್ಪಬೇಕು. ನಿಲ್ದಾಣದ ಪಕ್ಕ ಜಾಸ್ತಿ ಜನ ಇರಬೇಕು ಅಂದರೆ 40×60 ಸೈಟಿನಲ್ಲಿ ಎರಡು ಮೂರು ಸಂಸಾರ ಇದ್ದರೆ ಸಾಲದು, ಎತ್ತರ ಕಟ್ಟಲೇಬೇಕು. ನನ್ನ ತಕರಾರು ಎತ್ತರದ ಮೇಲಲ್ಲ, ಕೆಳಗಿನ ಎರಡು ಅಂತಸ್ತಿನ ಮೇಲೆ. ಫ್ಲಾಟಿಗೆ ಎರಡರಂತೆ ಪಾರ್ಕಿಂಗ್ ಕೊಟ್ಟು, ರಸ್ತೆ ಕಡೆ ಒಂದು ಅಂಗಡಿಗೂ ಜಾಗ ಬಿಡದಿದ್ದರೆ ಜನ ಕಾರು ಕೊಳ್ಳದೆ ಇನ್ನೇನು ಮಾಡ್ತಾರೆ?

ಈಗ ಮತ್ತೆ ಮನೆ ಹುಡುಕುತ್ತಿದ್ದೇನೆ. ರೈಲು ಇಳಿದು ನಡೆದೇ ಹೋಗಿ ಮನೆ ನೋಡುವುದು ಅಂತ ಮಾಡಿಕೊಂಡಿದ್ದೇನೆ. ಹೋದ ವಾರ 'ಮೆಟ್ರೊ ಪಕ್ಕದಲ್ಲೇ' ಅಂದಿದ್ದ ಬ್ರೋಕರಿಗೆ ದೊಡ್ಡಕಲ್ಲಸಂದ್ರ ನಿಲ್ದಾಣದಿಂದಲೇ ಫೋನ್ ಮಾಡಿ ದಾರಿ ಕೇಳಿದೆ. 'ಅಯ್ಯೋ, ನಡ್ಕೊಂಡು ಬರ್ಬೇಡಿ ಸಾರ್, ಸುತ್ತಾಗುತ್ತೆ. ಆಟೋ ಹಿಡ್ಕೊಂಡು ಬಂದ್ಬಿಡಿ' ಅಂದರು.