ಭಾಗಲಬ್ಧ ಮೂಲಗಳ ಹುಡುಕಾಟ: ಆದೇಶಿಸಿ ನೋಡುವುದೋ, ಸಂಶ್ಲೇಷಿತ ಭಾಗಾಕಾರವೋ?

ಸಹಗುಣಕಗಳು ಕ್ರಮವಾಗಿ 2, −3, −11, 6 ಆಗಿರುವ ಘನ ಬಹುಪದೋಕ್ತಿಯನ್ನು, ಅಂದರೆ 2x³ − 3x² − 11x + 6 ಎಂಬುದನ್ನು, ತೆಗೆದುಕೊಳ್ಳೋಣ. ಇದಕ್ಕೆ ಭಾಗಲಬ್ಧ ಸಂಖ್ಯೆಯೊಂದು ಮೂಲವಾಗಿದ್ದರೆ (ಅಂದರೆ x ಜಾಗದಲ್ಲಿ ಅದನ್ನಿಟ್ಟಾಗ ಬೆಲೆ 0 ಆದರೆ), ಅದರ ಸಂಕ್ಷಿಪ್ತ ರೂಪದ ಅಂಶವು ಸ್ಥಿರಪದ 6ನ್ನೂ ಛೇದವು ಮೊದಲ ಸಹಗುಣಕ 2ನ್ನೂ ನಿಶ್ಶೇಷವಾಗಿ ಭಾಗಿಸಲೇಬೇಕು; ಹಾಗಾಗಿ ಪರೀಕ್ಷಿಸಬೇಕಾದವು ±1, ±2, ±3, ±6, ±1/2, ±3/2 ಎಂಬ ಹನ್ನೆರಡೇ ಸಂಖ್ಯೆಗಳು. ಎರಡೂ ವಿಧಾನಗಳಿಗೆ ಈ ಪಟ್ಟಿಯೇ ಆಧಾರ.

ನೇರವಾಗಿ ಆದೇಶಿಸುವುದು, ಅಂದರೆ x ಜಾಗದಲ್ಲಿ ಸಂಖ್ಯೆಯನ್ನಿಟ್ಟು ಬೆಲೆ ಕಂಡುಹಿಡಿಯುವುದು, 1 ಮತ್ತು −1ಕ್ಕೆ ಅತ್ಯಂತ ಸುಲಭ. 1ಕ್ಕೆ ಸಹಗುಣಕಗಳನ್ನು ಕೂಡಿದರೆ ಸಾಕು, ಇಲ್ಲಿ −6 ಬರುತ್ತದೆ. ಆದರೆ ಈ ವಿಧಾನ ಮೂಲ ಹೌದೋ ಅಲ್ಲವೋ ಎಂಬುದನ್ನಷ್ಟೇ ತಿಳಿಸುತ್ತದೆ.

ಸಹಗುಣಕಗಳನ್ನಷ್ಟೇ ಬರೆದು ಭಾಗಿಸುವ ಸಂಶ್ಲೇಷಿತ ಭಾಗಾಕಾರ ಅದಕ್ಕಿಂತ ಹೆಚ್ಚಿನದನ್ನು ಕೊಡುತ್ತದೆ. 3ನ್ನು ಎಡಕ್ಕೆ ಬರೆದು 2ನ್ನು ಕೆಳಗಿಳಿಸಿ, ಪ್ರತಿ ಸಲವೂ 3ರಿಂದ ಗುಣಿಸಿ ಮುಂದಿನ ಸಹಗುಣಕಕ್ಕೆ ಕೂಡುತ್ತ ಹೋದರೆ ಕೆಳಸಾಲಿನಲ್ಲಿ 2, 3, −2, 0 ದೊರೆಯುತ್ತವೆ. ಕೊನೆಯ ಸೊನ್ನೆ 3 ಮೂಲವೆಂದು ಸಾರಿದರೆ, ಉಳಿದ ಮೂರು ಸಂಖ್ಯೆಗಳು ವರ್ಗ ಬಹುಪದೋಕ್ತಿಯ ಸಹಗುಣಕಗಳಾಗಿ ಕೈಗೆ ಸಿಗುತ್ತವೆ. ಅದನ್ನು ಅಪವರ್ತಿಸಿದರೆ 1/2 ಮತ್ತು −2 ಎಂಬ ಇನ್ನೆರಡು ಮೂಲಗಳು ಬರುತ್ತವೆ. ನಡುವಿನ ಘಾತವೊಂದು ಇಲ್ಲದಿದ್ದರೆ ಆ ಜಾಗದಲ್ಲಿ 0 ಬರೆಯಲು ಮರೆಯಬಾರದು. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಆದ್ದರಿಂದ ±1ಕ್ಕೆ ಆದೇಶವನ್ನೂ ಉಳಿದವಕ್ಕೆ ಭಾಗಾಕಾರವನ್ನೂ ಆರಿಸಿಕೊಳ್ಳಿರೆಂಬುದು ನನ್ನ ಸಲಹೆ. ಆದೇಶಿಸಿ ಸಿಕ್ಕ ಬೆಲೆಗಳು ಮುಂದೆ ಯಾವ ಸಂಖ್ಯೆಯನ್ನು ಪರೀಕ್ಷಿಸಬೇಕೆಂಬ ಸುಳಿವನ್ನೂ ಕೊಡುತ್ತವೆ: ಬೆಲೆಯು 0ಯಲ್ಲಿ 6, 1ರಲ್ಲಿ −6 ಆಗಿರುವುದರಿಂದ ಇವೆರಡರ ನಡುವೆ ಮೂಲವೊಂದು ಇರಲೇಬೇಕು, ಮತ್ತು ಪಟ್ಟಿಯಲ್ಲಿ ಅಲ್ಲಿರುವುದು 1/2 ಮಾತ್ರ.