ಹವ್ಯಾಸಿ ತಂಡದೊಂದಿಗೆ ಒಂದು ರೇಸಿಂಗ್ ಋತು: ಜೆ-24 ಹಾಯಿದೋಣಿಯ ವಿಮರ್ಶೆ

ಕ್ಲಬ್ ಮಟ್ಟದ ರೇಸಿಂಗ್‌ಗೆ ಜೆ-24 ಕೊಳ್ಳಬಹುದೇ ಎಂದು ಕೇಳುವವರಿಗೆ ದೋಣಿಯ ಗುಣದೋಷಗಳನ್ನು ವಿವರಿಸುವ ಮೊದಲು ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ: ಈ ದೋಣಿ ಓಡಿಸಲು ಬೇಕಾದ, ಋತುವಿನುದ್ದಕ್ಕೂ ತಪ್ಪದೆ ಬರುವ ಐದು ಜನ ನಿಮ್ಮನ್ನೂ ಸೇರಿಸಿ ಇದ್ದಾರೆಯೇ? ಕಚೇರಿ, ಸಂಸಾರ, ನೆಗಡಿ, ಜ್ವರಗಳ ನಡುವೆ ಬಿಡುವು ಮಾಡಿಕೊಂಡು ಬರುವ ಹವ್ಯಾಸಿಗಳೊಂದಿಗೆ ಈ ದೋಣಿಯಲ್ಲಿ ಒಂದು ಪೂರ್ಣ ಋತುವನ್ನು ಕಳೆದಿದ್ದೇನೆ. ಅದರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತೂ ಕಟುವಾದ ಮಾತೂ ಕೊನೆಗೆ ಈ ಪ್ರಶ್ನೆಯ ಬಳಿಯೇ ಬಂದು ನಿಲ್ಲುತ್ತವೆ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟೋನಿಂಗ್ಟನ್‌ನಲ್ಲಿ ರಾಡ್ ಜಾನ್‌ಸ್ಟೋನ್ ತಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟಿ, 1976ರಲ್ಲಿ ನೀರಿಗಿಳಿಸಿದ ‘ರ‍್ಯಾಗ್‌ಟೈಮ್’ ಎಂಬ ದೋಣಿಯೇ ಜೆ-24ರ ಮೂಲ. ಮರುವರ್ಷ ಅವರು ಅಣ್ಣತಮ್ಮಂದಿರ ಸಂಸ್ಥೆಯಾಗಿ ಜೆ ಬೋಟ್ಸ್ ಅನ್ನು ಆರಂಭಿಸಿದರು. ಅಲ್ಲಿಂದ ಇಲ್ಲಿಯವರೆಗೆ ಈ ಮಾದರಿಯ 5,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಇದು ಏಕವಿನ್ಯಾಸದ ವರ್ಗ. ಒಡಲು, ಕೀಲ್ (ತಳದಿಂದ ನೀರಿಗಿಳಿಯುವ ಭಾರವಾದ ರೆಕ್ಕೆ), ಕೂವೆ (ಹಾಯಿ ಕಟ್ಟುವ ಕಂಬ), ಹಾಯಿ ಎಲ್ಲವೂ ನಿಗದಿತ ಅಳತೆಯೊಳಗೇ ಇರಬೇಕಾದ್ದರಿಂದ, ಎರಡು ಜೆ-24ಗಳ ನಡುವೆ ಮೊದಲು ಗುರಿ ಮುಟ್ಟಿದ್ದೇ ಗೆದ್ದ ಹಾಗೆ. ಬೇರೆ ಬೇರೆ ಮಾದರಿಯ ದೋಣಿಗಳು ಒಟ್ಟಿಗೆ ಓಡುವ ಕ್ಲಬ್‌ಗಳಲ್ಲಿ ರೇಸ್ ಮುಗಿದ ಮೇಲೂ, ದೋಣಿಯ ಮಾದರಿಗೆ ತಕ್ಕಂತೆ ಸಮಯವನ್ನು ಸರಿಹೊಂದಿಸಿದ ಲೆಕ್ಕದ ಹಾಳೆ ಬರುವವರೆಗೆ ಕಾಯಬೇಕು. ಆ ಕಾಯುವಿಕೆಯಲ್ಲಿ ಹುಟ್ಟುವ ಗೊಣಗಾಟಕ್ಕೆ ಇಲ್ಲಿ ಆಸ್ಪದವಿಲ್ಲ. ಹಿಂದೆ ಬಿದ್ದವರಿಗೆ ನೆಪ ಹೇಳಲು ಅವಕಾಶವೂ ಅಷ್ಟೇ ಕಡಿಮೆ ಎಂಬುದನ್ನು ಸೇರುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ದೋಣಿಯ ಸ್ವಭಾವ ಅರ್ಥವಾಗಬೇಕಾದರೆ ಮೂರು ಅಂಕಿಗಳು ಸಾಕು. ಅದರ ಒಟ್ಟು ತೂಕ ಸುಮಾರು 1,400 ಕಿಲೋ, ಅದರಲ್ಲಿ ಸಮತೋಲಕ್ಕೆಂದು ಕೆಳಗೆ ಸೇರಿಸಿದ ಸೀಸದ ಭಾರ ಸುಮಾರು 430 ಕಿಲೋ, ವರ್ಗದ ನಿಯಮದಂತೆ ತಂಡದ ಗರಿಷ್ಠ ತೂಕ 400 ಕಿಲೋ. ಅಂದರೆ ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಸೀಸದಷ್ಟೇ ಎನ್ನಬಹುದಾದ ತೂಕದ ಜನ ಅದರ ಮೇಲೆ ಕೂತಿರುತ್ತಾರೆ. ಸೀಸ ಇದ್ದಲ್ಲೇ ಇರುತ್ತದೆ, ಜನರು ಜಾಗ ಬದಲಿಸಬಲ್ಲರು, ಬದಲಿಸಲೇಬೇಕು. ಗಾಳಿ ಜೋರಾದಾಗ ಐವರೂ ಗಾಳಿ ಬರುವ ಬದಿಯ ಅಂಚಿಗೆ ಒತ್ತಾಗಿ ಕೂತರೆ ದೋಣಿ ತಲೆಯೆತ್ತಿ ಮುನ್ನುಗ್ಗುತ್ತದೆ. ಇಬ್ಬರು ಸೋಮಾರಿತನದಿಂದ ಒಳಗೆ ಜರುಗಿದರೂ ಅದು ವಾಲಿಕೊಂಡು ಪಕ್ಕಕ್ಕೆ ಜಾರತೊಡಗುತ್ತದೆ. ಗಾಳಿ ಸತ್ತಂತಿರುವ ದಿನ ಇದೇ ಲೆಕ್ಕ ತಿರುಗುಮುರುಗಾಗಿ, ಹಾಯಿ ಆಕಾರ ಕಳೆದುಕೊಳ್ಳದಿರಲೆಂದು ಎಲ್ಲರೂ ಕೆಳಬದಿಗೆ ಸರಿದು, ಉಸಿರು ಬಿಗಿಹಿಡಿದವರಂತೆ ಅಲುಗಾಡದೆ ಕೂರಬೇಕಾಗುತ್ತದೆ. ಬಿರುಸಿನ ದಿನಕ್ಕಿಂತ ಇಂತಹ ದಿನಗಳಲ್ಲೇ ಹವ್ಯಾಸಿಗಳ ತಾಳ್ಮೆ ಮೊದಲು ಕೆಡುವುದು. ಒಬ್ಬರು ನೀರಿನ ಬಾಟಲಿಗೆಂದು ಎದ್ದರೂ ಚುಕ್ಕಾಣಿ ಹಿಡಿದವರ ಕೈಗೆ ಅದು ತಕ್ಷಣ ತಿಳಿಯುತ್ತದೆ.

ಹೀಗಾಗಿ ಒಬ್ಬರು ಗೈರಾದರೆ ಕೆಲಸ ಮಾಡುವ ಎರಡು ಕೈಗಳ ಜೊತೆಗೆ ಜಾಗ ಬದಲಿಸಬಲ್ಲ ತೂಕದ ಐದನೇ ಒಂದು ಭಾಗವೂ ಹೋದಂತೆ. ನಮ್ಮ ತಂಡದಲ್ಲಿ ಇದು ಪದೇ ಪದೇ ಆಯಿತು. ಕೊನೆಯ ಗಳಿಗೆಯಲ್ಲಿ ಕ್ಲಬ್ಬಿನ ಕಟ್ಟೆಯ ಮೇಲೆ ಸಿಕ್ಕ ಉತ್ಸಾಹಿಗಳನ್ನು ಹತ್ತಿಸಿಕೊಂಡ ದಿನ, ಗಾಳಿ ಮಧ್ಯಮವಾಗಿದ್ದರೆ ಹೇಗೋ ನಡೆಯುತ್ತಿತ್ತು. ತೂಕಕ್ಕೆ ಅವರು ನೆರವಾಗುತ್ತಿದ್ದರು, ಹಗ್ಗಕ್ಕೆ ಆಗುತ್ತಿರಲಿಲ್ಲ. ಕೆಲಸ ಹಂಚಿಕೆ ಈ ದೋಣಿಯಲ್ಲಿ ಅಷ್ಟು ಖಚಿತವಾಗಿದೆ. ಮುಂಬದಿಯಲ್ಲಿ ಒಬ್ಬರು, ಕೂವೆಯ ಬುಡದಲ್ಲಿ ಹಾಯಿ ಏರಿಸಲು ಒಬ್ಬರು, ನಡುವೆ ಗಾಳಿಯನ್ನೂ ಎದುರಾಳಿಗಳನ್ನೂ ಗಮನಿಸಿ ಹೇಳಲು ಒಬ್ಬರು, ಮುಂದಿನ ಹಾಯಿಯನ್ನು ಬಿಗಿಮಾಡಿ ಸಡಿಲಿಸಲು ಒಬ್ಬ ಟ್ರಿಮ್ಮರ್, ಹಿಂದೆ ಚುಕ್ಕಾಣಿ ಹಿಡಿದವರು. ಮುಖ್ಯ ಹಾಯಿಯ ಹಗ್ಗ ಸಾಮಾನ್ಯವಾಗಿ ಚುಕ್ಕಾಣಿ ಹಿಡಿದವರ ಇನ್ನೊಂದು ಕೈಯಲ್ಲೇ ಇರುತ್ತದೆ.

ಗಾಳಿಗೆದುರಾಗಿ ಓರೆಯಾಗಿ ಸಾಗುವಾಗ ಜೆ-24ರ ನಿಜವಾದ ಗುಣ ಕಾಣುತ್ತದೆ. ಕೂವೆಯನ್ನು ದಾಟಿ ಹಿಂದಕ್ಕೆ ಚಾಚಿಕೊಳ್ಳುವ, ಜೆನೋವಾ ಎಂಬ ದೊಡ್ಡ ಮುಂದಿನ ಹಾಯಿ ಅದರ ಎಂಜಿನ್ ಇದ್ದಂತೆ. ಆದರೆ ದಿಕ್ಕು ಬದಲಿಸುವ ಪ್ರತಿ ಸಲವೂ ಆ ಹಾಯಿ ಕೂವೆಯನ್ನೂ ಅದರ ಪಕ್ಕದ ತಂತಿಗಳನ್ನೂ ಸುತ್ತಿ ಇನ್ನೊಂದು ಬದಿಗೆ ಬರಬೇಕು. ಈ ದಿಕ್ಕುಬದಲಿಯ ಹೆಸರೇ ಟ್ಯಾಕ್, ಹಾಗೆಂದು ಕೂಗಿದ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಟ್ರಿಮ್ಮರ್ ಹಳೆಯ ಬದಿಯ ಹಗ್ಗವನ್ನು ವಿಂಚಿನಿಂದ (ಹಗ್ಗ ಸುತ್ತಿ ಬಿಗಿಯುವ ಉರುಳೆಯಿಂದ) ಬಿಚ್ಚುವುದು ಒಂದು ಕ್ಷಣ ಬೇಗನಾದರೆ ದೋಣಿ ವೇಗ ಕಳೆದುಕೊಳ್ಳುತ್ತದೆ, ಒಂದು ಕ್ಷಣ ತಡವಾದರೆ ಹಾಯಿ ಹಿಮ್ಮುಖವಾಗಿ ಗಾಳಿ ಹಿಡಿದು ಮೂತಿಯನ್ನು ಅತಿಯಾಗಿ ತಳ್ಳಿಬಿಡುತ್ತದೆ. ಅಷ್ಟರಲ್ಲಿ ಉಳಿದವರು ತಗ್ಗಿನಲ್ಲಿ ಹಾಯುವ ಬೂಮ್‌ಗೆ (ಮುಖ್ಯ ಹಾಯಿಯ ಕೆಳಗಿನ ಅಡ್ಡದಂಡಕ್ಕೆ) ತಲೆ ಬಾಗಿಸಿ, ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗದಂತೆ ದಾಟಿ, ಹೊಸ ಅಂಚಿಗೆ ಹೋಗಿ ಕೂತಿರಬೇಕು. ಹಾಯಿಯ ಕೆಳ ಅಂಚು ಡೆಕ್ಕಿನ ಬೇಲಿತಂತಿಯ ಹೊರಗೆ ಸಿಕ್ಕಿಕೊಂಡಿದ್ದರೆ ಯಾರಾದರೂ ಅದನ್ನು ಒಳಗೆಳೆದುಕೊಳ್ಳಬೇಕು. ವಿಂಚಿನ ಹಿಡಿಕೆ ತಿರುಗಿಸುತ್ತ ಕೊನೆಯ ಕೆಲವು ಇಂಚುಗಳನ್ನು ಬಿಗಿಯುವಾಗ ಟ್ರಿಮ್ಮರ್‌ನ ಕಣ್ಣು ಕೂವೆಯ ಅಡ್ಡಕೋಲಿನ ತುದಿಯ ಮೇಲಿರುತ್ತದೆ: ಹಾಯಿಯ ಬಟ್ಟೆ ಅದಕ್ಕೆ ಇನ್ನೇನು ತಾಗುತ್ತದೆ ಎನ್ನುವಷ್ಟು ಸಮೀಪಿಸಬೇಕು, ತಾಗಬಾರದು. ಚುಕ್ಕಾಣಿ ಹಿಡಿದವರು ನೋಡುವುದು ಹಾಯಿಯ ಮುಂಚೂಣಿಗೆ ಅಂಟಿಸಿದ ಉಣ್ಣೆಯ ಎಳೆಗಳನ್ನು. ಎರಡೂ ಬದಿಯ ಎಳೆಗಳು ಹಿಂದಕ್ಕೆ ನೇರವಾಗಿ ಹರಿಯುತ್ತಿದ್ದರೆ ದೋಣಿ ಸರಿದಾರಿಯಲ್ಲಿದೆ. ಗಾಳಿ ಬರುವ ಬದಿಯ ಎಳೆ ಮೇಲಕ್ಕೆ ಕುಣಿದರೆ ಗಾಳಿಗೆ ತೀರಾ ಸಮೀಪ ಹೋಗಿದೆ. ಹೊಸಬರಿಗೆ ಈ ಎಳೆಗಳಷ್ಟು ಪ್ರಾಮಾಣಿಕ ಗುರು ಬೇರೊಬ್ಬರಿಲ್ಲ. ಗಾಳಿಯ ಸೂಕ್ಷ್ಮಗಳನ್ನು ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವುದೇ ಈ ದೋಣಿಗೆ ನಾನು ಕೊಡುವ ಅತಿ ದೊಡ್ಡ ಅಂಕ.

ಗಾಳಿಯ ಜೊತೆಗೆ ಹೊರಡುವ ಹಾದಿಯಲ್ಲಿ ನನ್ನ ಮೆಚ್ಚುಗೆ ಸ್ವಲ್ಪ ಇಳಿಯುತ್ತದೆ. ಇಲ್ಲಿನ ಸ್ಪಿನೇಕರ್ ಹಳೆಯ ಕ್ರಮದ್ದು, ಕೂವೆಗೆ ಸಿಕ್ಕಿಸುವ ಉದ್ದನೆಯ ಕೋಲಿನ ಆಸರೆಯಲ್ಲಿ ಬಲೂನಿನಂತೆ ಉಬ್ಬುವ ಹಾಯಿ. ಜೈಬ್ ಮಾಡುವಾಗ, ಅಂದರೆ ಗಾಳಿ ಹಿಂದಿರುವಾಗ ದಿಕ್ಕು ಬದಲಿಸುವಾಗ, ಮುಂಬದಿಯವರು ಓಲಾಡುವ ಡೆಕ್ಕಿನ ಮೇಲೆ ನಿಂತು, ಕೋಲಿನ ಒಂದು ತುದಿಯನ್ನು ಕೂವೆಯಿಂದ ಬಿಡಿಸಿ ಹೊಸ ಬದಿಯ ಹಗ್ಗಕ್ಕೆ ಕೊಕ್ಕೆ ಹಾಕಿ, ಇಡೀ ಕೋಲನ್ನು ಆಚೆಗೆ ತಳ್ಳಿ, ಹಳೆಯ ತುದಿಯನ್ನು ತಂದು ಕೂವೆಗೆ ಸಿಕ್ಕಿಸಬೇಕು. ಆ ಹೊತ್ತಿನಲ್ಲಿ ಹಾಯಿಯನ್ನು ಹಿಡಿದಿಡುವುದು ಟ್ರಿಮ್ಮರ್‌ನ ಕೈ ಮತ್ತು ಚುಕ್ಕಾಣಿ ಹಿಡಿದವರ ಸಂಯಮ ಮಾತ್ರ. ಚೆನ್ನಾಗಿ ಪಳಗಿದವರು ಇದನ್ನು ಮಾಡುವಾಗ ಹಾಯಿ ಒಮ್ಮೆಯೂ ಮುದುರುವುದಿಲ್ಲ. ಹವ್ಯಾಸಿಗಳ ಕೈಯಲ್ಲಿ ಕೋಲು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಹಾಯಿ ಮುಂದಿನ ತಂತಿಗೆ ಸುತ್ತಿಕೊಳ್ಳುತ್ತದೆ, ಎಲ್ಲರೂ ಒಟ್ಟಿಗೆ ಸಲಹೆ ಕೊಡತೊಡಗುತ್ತಾರೆ. ನನ್ನ ಮಟ್ಟಿಗೆ ಕೊನೆಯದ್ದೇ ಹೆಚ್ಚು ಅಪಾಯಕಾರಿ. ಮುಂಬದಿಯಲ್ಲಿ ನಿಂತವರಿಗೆ ಒಂದೇ ದನಿ ಕೇಳಿಸಬೇಕೆಂಬ ಕಟ್ಟುಪಾಡನ್ನು ಋತುವಿನ ನಡುವೆ ಮಾಡಿಕೊಂಡ ಮೇಲೆ, ನಮ್ಮ ಜೈಬ್‌ಗಳು ಚೆಂದವಾಗದಿದ್ದರೂ ಸದ್ದಿಲ್ಲದೆ ಮುಗಿಯತೊಡಗಿದವು.

ಸ್ಪಿನೇಕರ್ ಇಳಿಸುವುದು ಇನ್ನೂ ಕಷ್ಟ, ಏಕೆಂದರೆ ಅದಕ್ಕೆ ಗಡುವಿದೆ. ರೇಸಿಂಗ್ ನಿಯಮದಂತೆ ಮಾರ್ಕಿನ (ದೋಣಿಗಳು ಸುತ್ತಿಬರಬೇಕಾದ ಗುರುತಿನ) ಸುತ್ತ ದೋಣಿಯ ಮೂರು ಪಟ್ಟು ಉದ್ದದ ವಲಯವಿದ್ದು, ಅದನ್ನು ತಲುಪುವಾಗ ಯಾರು ಒಳಬದಿಯಲ್ಲಿದ್ದಾರೆ, ಯಾರು ಮುಂದಿದ್ದಾರೆ ಎಂಬುದರ ಮೇಲೆ ಜಾಗ ಬಿಡಬೇಕಾದವರು ಯಾರೆಂದು ತೀರ್ಮಾನವಾಗುತ್ತದೆ. 7.3 ಮೀಟರ್ ಉದ್ದದ ಜೆ-24ಕ್ಕೆ ಆ ವಲಯವೆಂದರೆ ಸುಮಾರು 22 ಮೀಟರ್. 6 ನಾಟ್ (ಗಂಟೆಗೆ ಸುಮಾರು 11 ಕಿಲೋಮೀಟರ್) ವೇಗದಲ್ಲಿ ಬರುವ ದೋಣಿಗೆ ಅಷ್ಟು ದೂರ ಕ್ರಮಿಸಲು ಏಳೇ ಸೆಕೆಂಡು ಸಾಕು. ಅಲ್ಲಿಗೆ ಬಂದ ಮೇಲೆ ಸ್ಪಿನೇಕರ್ ಇಳಿಸುವ ಮಾತೆತ್ತಿದರೆ ಕೆಲಸ ಕೆಟ್ಟಂತೆಯೇ. ಬೇಗ ಇಳಿಸಿ ಎರಡು ದೋಣಿಗಳನ್ನು ಮುಂದೆ ಬಿಟ್ಟರೂ ಚಿಂತೆಯಿಲ್ಲ, ಜೆನೋವಾ ಏರಿಸಿ, ಕೋಲು ಕಳಚಿ, ಹಗ್ಗಗಳನ್ನು ತೆರವು ಮಾಡಿಕೊಂಡು ಮಾರ್ಕ್ ಸುತ್ತುವ ತಂಡವೇ ಮುಂದಿನ ಹಾದಿಯಲ್ಲಿ ಆ ಎರಡನ್ನೂ ಹಿಡಿಯುತ್ತದೆ.

ಆರಂಭದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐದು ನಿಮಿಷಕ್ಕೆ ವರ್ಗದ ಬಾವುಟ, ನಾಲ್ಕಕ್ಕೆ ಸಿದ್ಧತೆಯ ಬಾವುಟ, ಒಂದು ನಿಮಿಷ ಉಳಿದಾಗ ಅದು ಕೆಳಗಿಳಿಯುತ್ತದೆ, ಸೊನ್ನೆಗೆ ವರ್ಗದ ಬಾವುಟವೂ ಇಳಿದು ರೇಸ್ ಶುರು. ಈ ಹೊತ್ತಿನಲ್ಲಿ ಜೆ-24 ಬಹಳ ವಿಧೇಯ. ಹಾಯಿ ಸಡಿಲಿಸಿದರೆ ನಿಲ್ಲುತ್ತದೆ, ಬಿಗಿದರೆ ತಡಮಾಡದೆ ಹೊರಡುತ್ತದೆ. ಬಲಬದಿಯಿಂದ ಗಾಳಿ ಪಡೆದು ಬರುವ ದೋಣಿಗೆ ಎಡಬದಿಯಿಂದ ಗಾಳಿ ಪಡೆದು ಬರುವುದು ದಾರಿ ಬಿಡಬೇಕೆಂಬ ಮೂಲನಿಯಮವೊಂದನ್ನು ಐವರೂ ಅರೆಗಳಿಗೆಯಲ್ಲಿ ಹೇಳಬಲ್ಲವರಾಗಿದ್ದರೆ ಉಳಿದ ನಿಯಮಗಳನ್ನು ನಿಧಾನವಾಗಿ ಕಲಿಯಬಹುದು. ತಪ್ಪು ಮಾಡಿದ ದೋಣಿ ಅಲ್ಲೇ ಎರಡು ಸುತ್ತು ತಿರುಗಿ ದಂಡ ತೀರಿಸಿಕೊಳ್ಳುವ ವ್ಯವಸ್ಥೆ ಇರುವುದರಿಂದ ದಡಕ್ಕೆ ಬಂದು ವಾದಿಸುವ ಪ್ರಸಂಗಗಳು ಕಡಿಮೆ.

ಅಂಕದ ಪದ್ಧತಿ ಮಾತ್ರ ಹವ್ಯಾಸಿಗಳ ಹಾಜರಾತಿಯನ್ನು ನಿರ್ದಾಕ್ಷಿಣ್ಯವಾಗಿ ಅಳೆಯುತ್ತದೆ. ಮೊದಲನೆಯವರಿಗೆ ಒಂದು, ಎರಡನೆಯವರಿಗೆ ಎರಡು, ಹೀಗೆ ಸ್ಥಾನವೇ ಅಂಕ. ಒಟ್ಟು ಕಡಿಮೆ ಇದ್ದವರೇ ವಿಜೇತರು. ಬಾರದೇ ಉಳಿದ ದೋಣಿಗೆ ಸರಣಿಗೆ ಹೆಸರು ಕೊಟ್ಟ ದೋಣಿಗಳ ಸಂಖ್ಯೆಗಿಂತ ಒಂದು ಹೆಚ್ಚು. ಹನ್ನೆರಡು ದೋಣಿಗಳ ಸರಣಿಯಲ್ಲಿ ಜನ ಸಾಲದೆ ಮನೆಯಲ್ಲಿ ಉಳಿದರೆ ಹದಿಮೂರು ಅಂಕ, ಕುಂಟುತ್ತ ಹೋಗಿ ಕೊನೆಯವರಾಗಿ ಮುಗಿಸಿದರೂ ಹನ್ನೆರಡು. ಕೆಟ್ಟ ಫಲಿತಾಂಶವೊಂದನ್ನು ಲೆಕ್ಕದಿಂದ ಬಿಡುವ ಸೌಲಭ್ಯವಿದ್ದರೂ ಅದು ಬೇಗನೆ ಖರ್ಚಾಗಿಹೋಗುತ್ತದೆ. ನಮ್ಮ ವರ್ಗದಲ್ಲಿ ಮೇಲಿನ ಸ್ಥಾನ ಪಡೆದವರು ಎಲ್ಲರಿಗಿಂತ ವೇಗವಾಗಿ ಓಡಿಸಿದವರಾಗಿರಲಿಲ್ಲ. ಅವರ ಬಳಿ ಏಳೆಂಟು ಜನರ ಪಟ್ಟಿಯಿತ್ತು, ಯಾರು ಯಾವ ವಾರ ಬರುತ್ತಾರೆಂಬುದು ಮುಂಚೆಯೇ ನಿಶ್ಚಯವಾಗಿರುತ್ತಿತ್ತು, ಮುಂಬದಿಯ ಕೆಲಸ ಬಲ್ಲವರು ಇಬ್ಬರಿದ್ದರು.

ಹಳೆಯ ದೋಣಿ ಕೊಳ್ಳುವವರಿಗೆ ಎಚ್ಚರಿಕೆ ಅಗತ್ಯ. ಈ ವರ್ಗದ ಬಹುಪಾಲು ದೋಣಿಗಳಿಗೆ ಈಗ ದಶಕಗಳ ವಯಸ್ಸು. ಫೈಬರ್‌ಗ್ಲಾಸ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರದ ತಿರುಳಿರುವುದರಿಂದ, ಬೇಲಿಗಂಬದ ಬುಡದಲ್ಲೋ ಕೂವೆಯ ತಂತಿಗಳು ಡೆಕ್ ದಾಟುವಲ್ಲೋ ಬೋಲ್ಟಿನ ಸಂದಿಯಿಂದ ನೀರು ಇಳಿದರೆ ತಿರುಳು ಒಳಗೊಳಗೇ ಕೊಳೆಯುತ್ತದೆ. ಡೆಕ್ಕಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿಯಾದ ಕಡೆ ಕಣಕಣ ದನಿ ಬರುತ್ತದೆ, ಕೊಳೆತಲ್ಲಿ ಮಂಕಾಗುತ್ತದೆ. ಕೊಳ್ಳುವ ಮೊದಲು ಈ ಅರ್ಧ ಗಂಟೆಯ ಕೆಲಸವನ್ನು ತಪ್ಪಿಸಬಾರದು. ಕೀಲ್ ಒಡಲನ್ನು ಸೇರುವ ತಳಭಾಗವನ್ನೂ ತಂತಿಗಳ ಎಳೆತ ಹೊರುವ ಒಳಗೋಡೆಯನ್ನೂ ಬಲ್ಲವರಿಂದ ನೋಡಿಸಬೇಕು. ಇನ್ನೊಂದು ಮಾತು ಸುರಕ್ಷತೆಯದು. ಸ್ಪಿನೇಕರ್ ಏರಿಸಿರುವಾಗ ಗಾಳಿಯ ಹೊಡೆತಕ್ಕೆ ದೋಣಿ ಮಗ್ಗುಲಾಗಿ ಮಲಗಿದರೆ, ಕೂರುವ ಜಾಗದ ಪಕ್ಕದ ಪೆಟ್ಟಿಗೆಯ ಮುಚ್ಚಳ ತೆರೆದಿದ್ದಲ್ಲಿ ನೀರು ನೇರವಾಗಿ ಒಡಲಿಗೆ ನುಗ್ಗುತ್ತದೆ. ಹಳೆಯ ದೋಣಿಗಳು ಹೀಗೆ ಮುಳುಗಿದ್ದುಂಟು. ಮುಚ್ಚಳಗಳಿಗೆ ಭದ್ರವಾದ ಚಿಲಕವಿದೆಯೇ ಎಂದು ನೋಡಿಕೊಳ್ಳುವುದು, ರೇಸ್ ಆರಂಭಕ್ಕೆ ಮುನ್ನ ಅವನ್ನು ಹಾಕಿದೆಯೇ ಎಂದು ಒಬ್ಬರು ಪ್ರತಿ ಸಲ ಮುಟ್ಟಿ ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ.

ಒಳಕೋಣೆಯ ಬಗ್ಗೆ ಒಂದೇ ವಾಕ್ಯ ಸಾಕು: ಕೂರಬಹುದು, ಮಲಗಬಹುದು, ನಿಲ್ಲಲಾಗುವುದಿಲ್ಲ.

ಹಾಗಾದರೆ ಯಾರಿಗೆ ಇದು ತಕ್ಕ ದೋಣಿ? ಜೊತೆಗಾರರು ಇಬ್ಬರೋ ಮೂವರೋ ಎಂಬ ಖಾತ್ರಿಯಿಲ್ಲದವರಿಗೆ ಖಂಡಿತ ಅಲ್ಲ. ಅವರು ಇಬ್ಬರ ಸಣ್ಣ ದೋಣಿಗಳತ್ತ ನೋಡುವುದು ಮೇಲು. ಹೆಚ್ಚು ಹಣ ಹಾಕಬಲ್ಲವರಿಗೆ ಅದೇ ಸಂಸ್ಥೆಯ, 2012ರಲ್ಲಿ ಬಂದ ಜೆ-70 ಇದೆ. ಮೂತಿಯಿಂದ ಮುಂದಕ್ಕೆ ಚಾಚುವ ಕೋಲಿಗೆ ಸ್ಪಿನೇಕರ್ ಕಟ್ಟುವ ವ್ಯವಸ್ಥೆ ಇರುವುದರಿಂದ ಅದರಲ್ಲಿ ಕೂವೆಯ ಕೋಲಿನ ಸರ್ಕಸ್ಸಿಲ್ಲ, ನಾಲ್ವರ ತಂಡವೂ ಸಾಕು, ಕೀಲನ್ನು ಮೇಲೆತ್ತಬಹುದು. ಆದರೂ ಕಡಿಮೆ ಬಂಡವಾಳದಲ್ಲಿ, ತೂಕ, ಹಗ್ಗ, ಗಾಳಿ, ಮಾತು ಈ ನಾಲ್ಕನ್ನೂ ಒಟ್ಟಿಗೆ ಕಲಿಯಬೇಕೆಂಬ ತಂಡಕ್ಕೆ, ಆರು ಮಂದಿಯಾದರೂ ಹೆಸರು ಕೊಟ್ಟಿದ್ದರೆ, ನಾನು ಜೆ-24ನ್ನೇ ಹೇಳುತ್ತೇನೆ. ಕೊಳ್ಳುವಾಗ ಹಣ ಉಳಿಸಬೇಕಾಗಿ ಬಂದರೆ ಬಣ್ಣದಲ್ಲಿ, ಒಳಕೋಣೆಯ ಮೆತ್ತೆಗಳಲ್ಲಿ ಉಳಿಸಿ. ಒಳ್ಳೆಯ ಜೆನೋವಾ ಮತ್ತು ನಯವಾಗಿ ತೀಡಿದ ಕೀಲ್ ಇವೆರಡರಲ್ಲಿ ಉಳಿಸಬೇಡಿ. ಮುಂಬದಿಯ ಕೆಲಸಕ್ಕೆ ಮೊದಲ ತಿಂಗಳಿನಿಂದಲೇ ಇಬ್ಬರನ್ನು ತಯಾರು ಮಾಡಿ.