ಮೈಂಡ್ ಮ್ಯಾಪಾ, ಫ್ಲೋಚಾರ್ಟಾ, ಗ್ರಾಫಾ? ಯಾವ ಸಬ್ಜೆಕ್ಟಿಗೆ ಯಾವ ಚಿತ್ರ ವರ್ಕ್ ಆಯ್ತು

ಪಾಠ ಹೇಳುವಾಗ ಚಿತ್ರ ಬರೀರಿ ಅಂತ ಎಲ್ಲರೂ ಹೇಳ್ತಾರೆ, ಯಾವ ಚಿತ್ರ ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ. ನಾನು ಹುಡುಗರಿಗೆ ಸೈನ್ಸು, ಹಿಸ್ಟರಿ, ಎಕನಾಮಿಕ್ಸು ಎಲ್ಲ ಹೇಳಿಕೊಡ್ತೀನಿ, ಅದಕ್ಕೇ ಒಂದೇ ಟಾಪಿಕ್ಕನ್ನ ಎರಡು ಮೂರು ತರ ಬರೆದು ಯಾವುದು ತಲೆಗೆ ಹೋಗುತ್ತೆ ಅಂತ ನೋಡೋ ಚಟ ಹತ್ಕೊಂಡಿದೆ. ನನ್ನ ಪರೀಕ್ಷೆ ಸಿಂಪಲ್: ಬೋರ್ಡ್ ಒರೆಸಿದ ಮೇಲೆ ಅವರು ವಿಷಯಾನ ಬಾಯಲ್ಲಿ ಹೇಳ್ತಾರಾ ಇಲ್ವಾ.

ಮೊದಲು ಮೈಂಡ್ ಮ್ಯಾಪ್ ಮತ್ತು ಕಾನ್ಸೆಪ್ಟ್ ಮ್ಯಾಪ್. ಇವೆರಡೂ ಒಂದೇ ಅಂದ್ಕೊಂಡಿರೋರೇ ಜಾಸ್ತಿ, ಆದ್ರೆ ಅಲ್ಲ. ಮೈಂಡ್ ಮ್ಯಾಪಲ್ಲಿ ನಡುವೆ ಒಂದು ಪದ, ಅಲ್ಲಿಂದ ಸುತ್ತ ಕೊಂಬೆ, ಕೊಂಬೆಗೆ ರೆಂಬೆ. ಬ್ರಿಟಿಷ್ ಲೇಖಕ ಟೋನಿ ಬ್ಯೂಜಾನ್ 1970ರ ದಶಕದಲ್ಲಿ ಇದನ್ನ ಫೇಮಸ್ ಮಾಡಿದ್ದು. ಕಾನ್ಸೆಪ್ಟ್ ಮ್ಯಾಪೂ ಅದೇ ದಶಕದ್ದೇ, ಕಾರ್ನೆಲ್ ಯೂನಿವರ್ಸಿಟಿಯ ಜೋಸೆಫ್ ನೊವಾಕ್ ಮತ್ತವರ ಟೀಮಿನದು, ಅದರಲ್ಲಿ ಎರಡು ಪದದ ನಡುವಿನ ಗೆರೆ ಮೇಲೂ ಒಂದು ಮಾತು ಬರೀಲೇಬೇಕು, "ಇದರಿಂದ ಆಗುತ್ತೆ", "ಇದಕ್ಕೆ ಬೇಕು", "ಇದರಲ್ಲಿ ಒಂದು ಬಗೆ" ಹೀಗೆ. ದ್ಯುತಿಸಂಶ್ಲೇಷಣೆನ ಎರಡರಲ್ಲೂ ಬರೆಸಿ ನೋಡಿದೆ. ಮೈಂಡ್ ಮ್ಯಾಪಲ್ಲಿ ಬೆಳಕು, ನೀರು, ಕಾರ್ಬನ್ ಡೈಆಕ್ಸೈಡ್, ಕ್ಲೋರೋಫಿಲ್, ಗ್ಲೂಕೋಸ್, ಆಕ್ಸಿಜನ್ ಎಲ್ಲ ಚೆನ್ನಾಗಿ ಬಣ್ಣಬಣ್ಣದ ಕೊಂಬೆಗಳಾಗಿ ಕೂತವು, ನೋಡೋಕೆ ಭರ್ಜರಿ, ಆದ್ರೆ ಆಕ್ಸಿಜನ್ ಎಲ್ಲಿಂದ ಬಂತು ಅಂತ ಕೇಳಿದ್ರೆ ಮುಕ್ಕಾಲು ಪಾಲು ಹುಡುಗರು ಕಾರ್ಬನ್ ಡೈಆಕ್ಸೈಡಿಂದ ಅಂದ್ರು. ಕಾನ್ಸೆಪ್ಟ್ ಮ್ಯಾಪಲ್ಲಿ ಆಕ್ಸಿಜನ್ನಿಗೆ ಒಂದು ಗೆರೆ ಎಳೀಲೇಬೇಕು, ಆ ಗೆರೆ ಎಲ್ಲಿಂದ ಹೊರಡುತ್ತೆ ಅನ್ನೋ ಪ್ರಶ್ನೆ ಅಲ್ಲೇ ಬಂದು ನಿಲ್ಲುತ್ತೆ, ನೀರಿನ ಅಣು ಒಡೆದು ಬರೋದು ಅಂತ ಆಗ ಬರೀತಾರೆ. ಅಂದ್ರೆ ಮೈಂಡ್ ಮ್ಯಾಪ್ ಕೆಟ್ಟದ್ದಲ್ಲ, ಪ್ರಬಂಧಕ್ಕೆ ಪಾಯಿಂಟ್ ಹೊಂಚೋಕೆ, ಪರೀಕ್ಷೆ ಹಿಂದಿನ ದಿನ ಏನೇನು ಓದಿದ್ದೀನಿ ಅಂತ ಕಣ್ಣಾಡಿಸೋಕೆ ಅದೇ ಬೆಸ್ಟು. ಅರ್ಥ ಮಾಡಿಸೋಕೆ ಅಂದ್ರೆ ನನ್ನ ವೋಟು ಕಾನ್ಸೆಪ್ಟ್ ಮ್ಯಾಪಿಗೆ.

ಬಾಣದ ಗುರುತು ಇದೆಯಲ್ಲ, ಅದು ದೊಡ್ಡ ಮೋಸಗಾರ. ಒಂದೊಂದು ಸಬ್ಜೆಕ್ಟಲ್ಲಿ ಒಂದೊಂದು ವೇಷ ಹಾಕುತ್ತೆ. ಆಹಾರ ಸರಪಳಿಯಲ್ಲಿ ಹುಲ್ಲಿಂದ ಮೊಲಕ್ಕೆ ಬಾಣ ಅಂದ್ರೆ ಶಕ್ತಿ ಆ ಕಡೆ ಹೋಗುತ್ತೆ ಅಂತ, ಹುಡುಗರು ಓದೋದು "ಹುಲ್ಲು ಮೊಲಾನ ತಿನ್ನುತ್ತೆ" ಅಂತ, ಓದಿ ತಾವೇ ನಗ್ತಾರೆ. ಕೆಮಿಸ್ಟ್ರಿಯಲ್ಲಿ ಒಂದು ಬಾಣಕ್ಕೆ ಕ್ರಿಯೆ, ಎದುರುಬದುರು ಎರಡು ಬಾಣಕ್ಕೆ ಸಮತೋಲನ, ಒಂದೇ ಬಾಣಕ್ಕೆ ಎರಡೂ ಕಡೆ ತಲೆ ಇದ್ರೆ ರೆಸೊನೆನ್ಸ್ (ಒಂದೇ ಅಣುವನ್ನ ಎರಡು ತರ ಬರೆದು ತೋರಿಸೋದು), ಮೂರಕ್ಕೂ ಮೂರು ಬೇರೆ ಅರ್ಥ. ಫಿಸಿಕ್ಸಲ್ಲಿ ಅದೇ ಬಾಣ ಎಷ್ಟು ಉದ್ದ ಅನ್ನೋದಕ್ಕೂ ಅರ್ಥ ಇದೆ. ಅದಕ್ಕೆ ಈಗ ಯಾವ ಚಿತ್ರ ಬರೆದ್ರೂ ಮೂಲೆಯಲ್ಲಿ "ಇಲ್ಲಿ ಬಾಣ ಅಂದ್ರೆ ಇದು" ಅಂತ ಒಂದು ಸಾಲು ಹಾಕೋದು.

ಹಿಸ್ಟರಿಗೆ ಟೈಮ್‌ಲೈನಾ ಫ್ಲೋಚಾರ್ಟಾ ಅಂತ ಮೊದಲ ಮಹಾಯುದ್ಧ ಶುರುವಾದ ಕಥೆಯಲ್ಲಿ ಟ್ರೈ ಮಾಡಿದೆ. ಫ್ಲೋಚಾರ್ಟಲ್ಲಿ ಸರಯೇವೋ ಹತ್ಯೆ (ಆಸ್ಟ್ರಿಯಾದ ಯುವರಾಜನ ಕೊಲೆ), ಆಸ್ಟ್ರಿಯಾ, ಸರ್ಬಿಯಾ, ರಷ್ಯಾ, ಜರ್ಮನಿ ಅಂತ ಬಾಕ್ಸಿಂದ ಬಾಕ್ಸಿಗೆ ಬಾಣ ಹೋಗ್ತಾ ಇದ್ರೆ ಎಲ್ಲ ಆಗಲೇಬೇಕಿತ್ತೇನೋ, ತಪ್ಪಿಸೋ ದಾರಿನೇ ಇರಲಿಲ್ಲವೇನೋ ಅನ್ನಿಸಿಬಿಡುತ್ತೆ. ಟೈಮ್‌ಲೈನ್ ಬೇರೇನೇ ತೋರಿಸ್ತು, ಆದ್ರೆ ಸ್ಕೇಲ್ ಇಟ್ಟು ಬರೆದಾಗ ಮಾತ್ರ. ಹತ್ಯೆ ಆಗಿದ್ದು 1914ರ ಜೂನ್ 28, ಆಸ್ಟ್ರಿಯಾ ಸರ್ಬಿಯಾ ಮೇಲೆ ಯುದ್ಧ ಸಾರಿದ್ದು ಜುಲೈ 28, ಜರ್ಮನಿ ರಷ್ಯಾ ಮೇಲೆ ಆಗಸ್ಟ್ 1, ಫ್ರಾನ್ಸ್ ಮೇಲೆ ಆಗಸ್ಟ್ 3, ಬ್ರಿಟನ್ ಇಳಿದಿದ್ದು ಆಗಸ್ಟ್ 4. ದಿನಕ್ಕೊಂದು ಸೆಂಟಿಮೀಟರ್ ಅಂತ ಗೆರೆ ಎಳೆದ್ರೆ ಒಂದು ತಿಂಗಳಷ್ಟು ಜಾಗದಲ್ಲಿ ಒಂದೂ ಯುದ್ಧ ಘೋಷಣೆ ಇಲ್ಲ, ಕೊನೆಯ ಒಂದು ವಾರಕ್ಕೆ ಎಲ್ಲ ಒಂದರ ಮೇಲೊಂದು. ಆ ಖಾಲಿ ಜಾಗ ನೋಡಿ ಒಬ್ಬ ಹುಡುಗಿ "ಅಷ್ಟು ದಿನ ಏನ್ ಮಾಡ್ತಿದ್ರು ಸರ್?" ಅಂದ್ಲು, ಪಾಠ ನಿಜವಾಗಿ ಶುರುವಾಗಿದ್ದೇ ಆಮೇಲೆ. ರೆಡಿಮೇಡ್ ಟೆಂಪ್ಲೇಟ್‌ಗಳಲ್ಲಿ ಎಲ್ಲ ಬಾಕ್ಸೂ ಸಮ ದೂರದಲ್ಲಿ ಕೂತಿರುತ್ತೆ, ಅದು ಟೈಮ್‌ಲೈನ್ ಅಲ್ಲ, ಅಲಂಕಾರ ಮಾಡಿದ ಪಟ್ಟಿ ಅಷ್ಟೇ.

ಎಕನಾಮಿಕ್ಸಲ್ಲಿ ಫ್ಲೋಚಾರ್ಟ್ ಪೂರ್ತಿ ಕೈಕೊಡುತ್ತೆ. ಬೇಡಿಕೆ ಹೆಚ್ಚಿತು, ಬೆಲೆ ಏರಿತು, ಬೆಲೆ ಏರಿದ್ದಕ್ಕೆ ಬೇಡಿಕೆ ಇಳೀತು, ಬೇಡಿಕೆ ಇಳಿದಿದ್ದಕ್ಕೆ ಬೆಲೆ ಇಳೀತು... ಬಾಣಗಳು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದು ನಿಂತ್ವು, ಹುಡುಗರು ನನ್ನ ಮುಖ ನೋಡಿದ್ರು. ಅದೇ ಕಥೇನ ಬೇಡಿಕೆ, ಪೂರೈಕೆ ಅಂತ ಎರಡು ಗೆರೆ ಅಡ್ಡ ಬಂದಿರೋ ಹಳೇ ಗ್ರಾಫಲ್ಲಿ ಹಾಕಿದ್ರೆ ಗಂಟು ಬಿಚ್ಚುತ್ತೆ, ಯಾಕಂದ್ರೆ ಬೇಡಿಕೆಯ ಗೆರೆ ಪೂರಾ ಬಲಕ್ಕೆ ಸರಿಯೋದು ಬೇರೆ, ಇದ್ದ ಗೆರೆ ಮೇಲೇ ಜಾರೋದು ಬೇರೆ ಅನ್ನೋದು ಕಣ್ಣಿಗೇ ಕಾಣುತ್ತೆ, ಮಾತಲ್ಲಿ ಮಾತ್ರ ಎರಡಕ್ಕೂ ಒಂದೇ "ಬೇಡಿಕೆ". ಒಂದು ಕಿರಿಕಿರಿ ಏನಂದ್ರೆ ಇಲ್ಲಿ ಬೆಲೆ ನಿಂತಿರೋ ಅಕ್ಷದಲ್ಲಿರುತ್ತೆ, ಗಣಿತದ ಕ್ಲಾಸಿಂದ ಬಂದವರಿಗೆ ಉಲ್ಟಾ ಅನ್ಸುತ್ತೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಗಟ್ಟಿಯಾದ ರೂಢಿ ಅದು, ಹಾಗೇ ಒಪ್ಕೋಬೇಕು.

ಫಿಸಿಕ್ಸಲ್ಲಿ ಪೈಪೋಟಿ ಪೂರ್ತಿ ಸೀನಿನ ಚಿತ್ರಕ್ಕೂ ಬೋಳು ಚುಕ್ಕೆಗೂ. ಮೇಜು, ಮೇಜಿನ ಮೇಲೆ ಪುಸ್ತಕ, ಎಲ್ಲ ನೀಟಾಗಿ ಬರೆದು ಬಲಗಳ ಬಾಣ ಹಾಕಿದ್ರೆ ಯಾವ ಬಾಣ ಯಾವುದರ ಮೇಲೆ ಅಂತ ಗೊತ್ತಾಗಲ್ಲ, ಪುಸ್ತಕದ ತೂಕ ಮತ್ತು ಮೇಜು ಮೇಲಕ್ಕೆ ಒತ್ತೋ ಬಲ ಇವೆರಡೇ ನ್ಯೂಟನ್ನಿನ ಮೂರನೇ ನಿಯಮದ ಜೋಡಿ ಅಂತ ಹುಡುಗರು ಬರೆದುಬಿಡ್ತಾರೆ. ಜೋಡಿ ಬಲಗಳು ಎರಡು ಬೇರೆ ವಸ್ತುಗಳ ಮೇಲಿರಬೇಕು, ಇಲ್ಲಿ ಎರಡೂ ಒಂದೇ ಪುಸ್ತಕದ ಮೇಲಿರೋ ಬಲ, ಹಾಗಾಗಿ ಜೋಡಿ ಆಗೋಕೇ ಸಾಧ್ಯ ಇಲ್ಲ. ತೂಕದ ಜೊತೆಗಾರ ಪುಸ್ತಕ ಭೂಮಿನ ಎಳೆಯೋ ಬಲ. ಮೇಜು, ಪುಸ್ತಕ, ಭೂಮಿ ಮೂರಕ್ಕೂ ಬೇರೆ ಬೇರೆ ಚುಕ್ಕೆ ಇಟ್ಟು ಅದರದರ ಬಾಣ ಅದಕ್ಕೆ ಹಾಕಿದ್ರೆ ಗಲಾಟೆನೇ ಇಲ್ಲ.

ವೆನ್ ಚಿತ್ರದ (ಒಂದರ ಮೇಲೊಂದು ಹಾಯೋ ವೃತ್ತಗಳು) ಬಗ್ಗೆ ಜಾಸ್ತಿ ಹೇಳೋಕಿಲ್ಲ. ಎರಡು ವೃತ್ತ ಸೂಪರ್, ಮೂರು ಓಕೆ, ನಾಲ್ಕಾದ್ರೆ ಹೊರಗಿನ ಜಾಗವೂ ಸೇರಿ 16 ಭಾಗ ಬೇಕು, ನಾಲ್ಕು ವೃತ್ತ ಹೇಗೆ ತಿರುಚಿದ್ರೂ 14ಕ್ಕಿಂತ ಹೆಚ್ಚು ಬರಲ್ಲ. ಆಗ ಟೇಬಲ್ ಹಾಕಿ ಮುಗಿಸಿ.

ಚಿತ್ರ ಚೆನ್ನಾಗಿದ್ದಷ್ಟೂ ಜನ ಅದನ್ನ ನಂಬ್ತಾರೆ, ಅಪಾಯ ಇರೋದೂ ಅಲ್ಲೇ. ಭೂಮಿಯ ಕಕ್ಷೇನ ಉದ್ದಕ್ಕೆ ಎಳೆದ ಮೊಟ್ಟೆ ತರ ಬರೆದಿರ್ತಾರೆ, ಓರೆಯಿಂದ ನೋಡಿದ ಚಿತ್ರ ಅಂತ ಹೇಳಿರಲ್ಲ, ಸೂರ್ಯನ ಹತ್ರ ಬಂದಾಗ ಬೇಸಿಗೆ ಅಂತ ಹುಡುಗರು ತೀರ್ಮಾನ ಮಾಡ್ತಾರೆ. ನಿಜಕ್ಕೂ ಅದು ಹೆಚ್ಚುಕಮ್ಮಿ ವೃತ್ತನೇ, ಹತ್ತಿರದ ದೂರ ಸುಮಾರು 14.7 ಕೋಟಿ ಕಿಮೀ, ಅತಿ ದೂರ ಅಂದ್ರೆ 15.2 ಕೋಟಿ, ಅದೂ ಹತ್ತಿರ ಬರೋದು ಜನವರಿಯಲ್ಲಿ, ಉತ್ತರಾರ್ಧಗೋಳಕ್ಕೆ ಆಗ ಚಳಿಗಾಲ. ರಕ್ತ ಪರಿಚಲನೆಯಲ್ಲೂ ಹೃದಯದ ನೈಜ ಚಿತ್ರಕ್ಕಿಂತ ಎಂಟರ ಆಕಾರದ ಎರಡು ಸುತ್ತು ಬರೆದಾಗ ದಾರಿ ಬೇಗ ಅರ್ಥ ಆಯ್ತು, ಆದ್ರೆ ಒಂದು ಕಡೆ ನೀಲಿ ಬಳಿದ್ರೆ ರಕ್ತನೇ ನೀಲಿ ಅಂದ್ಕೊಳ್ತಾರೆ, ಅದಕ್ಕೆ ಎರಡೂ ಕಡೆ ಕೆಂಪೇ ಹಾಕ್ತೀನಿ, ಒಂದು ತಿಳಿ, ಒಂದು ಗಾಢ.

ಇನ್ನು ಕೈಯಲ್ಲಿ ಬರೆಯೋದಾ ಸಾಫ್ಟ್‌ವೇರಾ ಅಂದ್ರೆ, ಎದುರಿಗೆ ಜನ ಕೂತಿದ್ರೆ ಕೈಯಲ್ಲೇ. ಒಂದೊಂದೇ ಗೆರೆ ಬರ್ತಾ ಹೋದ್ರೆ ಯಾವುದು ಮೊದಲು ಯಾವುದು ಆಮೇಲೆ ಅಂತ ತಾನೇ ಗೊತ್ತಾಗುತ್ತೆ, ಮುಗಿದ ಸ್ಲೈಡನ್ನ ಒಮ್ಮೆಗೇ ತೋರಿಸಿದ್ರೆ ಕಣ್ಣು ಎಲ್ಲಿಂದ ಶುರು ಮಾಡ್ಬೇಕು ಅಂತ ಒದ್ದಾಡುತ್ತೆ. ಟೆಕ್ಸ್ಟ್ ಟೈಪ್ ಮಾಡಿದ್ರೆ ಚಿತ್ರ ಮಾಡಿಕೊಡೋ ಟೂಲ್‌ಗಳು ಫ್ಲೋಚಾರ್ಟಿಗೆ ಚೆನ್ನಾಗಿವೆ, ತಿದ್ದೋದು ಸುಲಭ, ಆದ್ರೆ ಯಾವ ಬಾಕ್ಸ್ ಎಲ್ಲಿ ಕೂರ್ಬೇಕು ಅನ್ನೋದನ್ನ ಹೆಚ್ಚಾಗಿ ಅವೇ ಡಿಸೈಡ್ ಮಾಡ್ತವೆ, ಸ್ಕೇಲ್ ಬೇಕಿರೋ ಟೈಮ್‌ಲೈನಿಗೆ ನನಗಂತೂ ಒಗ್ಗಲಿಲ್ಲ, ಅದಕ್ಕೆ ಗ್ರಾಫ್ ಶೀಟೇ ಸಾಕು.